ರಿಮೋಟನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಲ್ಯಾಪ್‌ಟಾಪ್

ನಮ್ಮ ಮನೆಯ ಅಟ್ಟದಲ್ಲಿ ಒಂದು 17 ಇಂಚಿನ ಲ್ಯಾಪ್‌ಟಾಪ್ ಇತ್ತು. 2008ರಲ್ಲಿ ಭಾವ ಅಮೆರಿಕದಿಂದ ಹೊತ್ತು ತಂದದ್ದು. ತೊಡೆ ಮೇಲೆ ಇಟ್ಟುಕೊಂಡರೆ ಹತ್ತು ನಿಮಿಷಕ್ಕೆ ಕಾಲು ಜೋಮು ಹಿಡಿಯುತ್ತಿತ್ತು. ಅದರ ಬದಿಯ ಸ್ಲಾಟ್‌ನಲ್ಲಿ ತೆಳ್ಳನೆಯ ರಿಮೋಟ್ ಒಂದು ಅಡಗಿ ಕೂತಿತ್ತು. ಒತ್ತಿದರೆ ಟಕ್ ಅಂತ ಹೊರಗೆ ಬರುತ್ತಿತ್ತು. ಅದನ್ನು ನೋಡಲೆಂದೇ ಪಕ್ಕದ ಮನೆಯವರು ಬಂದಿದ್ದರು.

ಟಿವಿ ಚಾನೆಲ್ ಹಿಡಿಯುವ ಟ್ಯೂನರ್, ಡಿವಿಡಿ ರೈಟರ್, ವೆಬ್‌ಕ್ಯಾಮ್, ಬೆರಳಚ್ಚು ಓದುವ ಪಟ್ಟಿ, ಎಲ್ಲವೂ ಒಳಗೇ. ಮೊನ್ನೆ ಕೆಳಗಿಳಿಸಿ ಚಾಲೂ ಮಾಡಿದೆ. ಟ್ಯೂನರ್ ಸುಟ್ಟಿಲ್ಲ, ಡ್ರೈವ್ ಮುರಿದಿಲ್ಲ. ಆದರೂ ಈಗ ಉಪಯೋಗಕ್ಕೆ ಬರುವುದು ಪರದೆ, ಸ್ಪೀಕರ್ ಮತ್ತು ಟಿವಿಗೆ ಚಿತ್ರ, ಧ್ವನಿ ಕಳಿಸುವ ಎಚ್‌ಡಿಎಂಐ ಪೋರ್ಟ್ ಮಾತ್ರ. ಮಿಕ್ಕವೆಲ್ಲ ಗಟ್ಟಿಮುಟ್ಟಾಗಿದ್ದೂ ನಿರುಪಯೋಗಿ. ಹಾಗೇಕಾಯಿತು ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಂಪ್ಯೂಟರ್ ಹಜಾರಕ್ಕೆ ಬಂದು ಟಿವಿಯ ಜಾಗ ಹಿಡಿಯಬೇಕು ಅನ್ನುವ ಆಸೆ ಕಂಪನಿಗಳಿಗೆ ಬಲವಾಗಿದ್ದ ಕಾಲ ಅದು. 2002ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಎಕ್ಸ್‌ಪಿಯ ಮೀಡಿಯಾ ಸೆಂಟರ್ ಆವೃತ್ತಿ ತಂದಿತು. ದೂರದಲ್ಲಿ ಕೂತು ರಿಮೋಟಿನಲ್ಲೇ ಸಿನಿಮಾ, ಹಾಡು, ಫೋಟೋ ನೋಡಬಹುದಿತ್ತು. 2004ರಲ್ಲಿ ತೋಷಿಬಾದ ಕಾಸ್ಮಿಯೋ ಲ್ಯಾಪ್‌ಟಾಪ್ ಬಂತು. ವಿಂಡೋಸ್ ತೆರೆದುಕೊಳ್ಳುವವರೆಗೆ ಕಾಯದೆ ನೇರವಾಗಿ ಟಿವಿ ನೋಡುವ ಅನುಕೂಲ ಅದರಲ್ಲಿತ್ತು. ಎಚ್‌ಪಿ ತನ್ನ ಪೆವಿಲಿಯನ್ ಡಿವಿ ಸಾಲಿನಲ್ಲಿ ಹಾಡು, ಸಿನಿಮಾ ನೇರ ಹಚ್ಚುವ ಕ್ವಿಕ್‌ಪ್ಲೇ ಗುಂಡಿಗಳು, ಆಲ್ಟೆಕ್ ಲ್ಯಾನ್ಸಿಂಗ್ ಸ್ಪೀಕರ್‌ಗಳು, ಡಿಸ್ಕಿನ ಮೇಲ್ಮೈಯಲ್ಲೇ ಲೇಸರ್‌ನಿಂದ ಚಿತ್ರ ಕೆತ್ತುವ ಲೈಟ್‌ಸ್ಕ್ರೈಬ್, ಎಲ್ಲವನ್ನೂ ತುಂಬಿತು. ಅಂಗಡಿಯಲ್ಲಿ ಲ್ಯಾಪ್‌ಟಾಪಿನ ಅಂಗೈ ಇಡುವ ಜಾಗದ ತುಂಬ ಸ್ಟಿಕರ್‌ಗಳು. ಸ್ಟಿಕರ್ ಜಾಸ್ತಿ ಇದ್ದಷ್ಟೂ ಒಳ್ಳೆಯ ಮಾಲು ಅಂತ ನಾವೂ ನಂಬಿದ್ದೆವು.

ಆಗ ನಾವು ಕೇಳಬೇಕಿದ್ದ ಪ್ರಶ್ನೆ ಒಂದೇ. ಈ ಸೌಲಭ್ಯ ನಡೆಯಬೇಕಾದರೆ ಹೊರಗಿನ ಯಾರ ಅಪ್ಪಣೆ ಬೇಕು?

ಮೊದಲು ಟ್ಯೂನರ್ ನೋಡಿ. ಭಾವ ತಂದದ್ದು ಅಮೆರಿಕದ ಪದ್ಧತಿಗೆ ಮಾಡಿದ್ದು. ಅಲ್ಲಿ ಹಳೆಯ ಟಿವಿ ಪ್ರಸಾರ ಎನ್‌ಟಿಎಸ್‌ಸಿ, ಹೊಸದು ಎಟಿಎಸ್‌ಸಿ. ನಮ್ಮ ದೂರದರ್ಶನದ್ದು, ಕೇಬಲ್‌ನದ್ದು ಆಗ ಪಾಲ್ ಅನ್ನುವ ಬೇರೆ ಪದ್ಧತಿ. ವಾರಗಟ್ಟಲೆ ಒದ್ದಾಡಿದರೂ ಚಂದನ ವಾಹಿನಿ ಅದರಲ್ಲಿ ಮೂಡಲಿಲ್ಲ. ಇಲ್ಲೇ ಕೊಂಡ, ಪಾಲ್ ಹಿಡಿಯುವ ಟ್ಯೂನರ್ ಇದ್ದವರ ಖುಷಿಯೂ ಬಹಳ ದಿನ ಉಳಿಯಲಿಲ್ಲ. ಕೇಬಲ್ ಡಿಜಿಟಲೀಕರಣದ ಎರಡನೇ ಹಂತದಲ್ಲಿ ಬೆಂಗಳೂರು, ಮೈಸೂರು ಎರಡೂ ಇದ್ದವು. ಗಡುವು 2013ರ ಮಾರ್ಚ್ 31. ಗೋಡೆಯಿಂದ ಬರುವ ಕೇಬಲನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಚಾನೆಲ್ ಹುಡುಕುವ ಕಾಲ ಮುಗಿಯಿತು. ಸೆಟ್‌ಟಾಪ್ ಬಾಕ್ಸ್ ಇಲ್ಲದೆ ಏನೂ ಕಾಣದು. ಟ್ಯೂನರ್ ಹಾಗೇ ಇತ್ತು, ಅದಕ್ಕೆ ಬೇಕಾದ ಸಿಗ್ನಲ್ ಹೋಯಿತು.

ಡಿಸ್ಕಿನ ಕಥೆ ಇನ್ನೂ ದೊಡ್ಡದು. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ಸಿನಿಮಾ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರತೊಡಗಿತ್ತು. ಅದಕ್ಕೂ ಮುಂಚೆ ಡಿಸ್ಕಿಗೆ ನೂರಾರು ರೂಪಾಯಿ ಕೊಟ್ಟವರಿಗೆ ಅದೊಂದು ಹಬ್ಬ. ವಿಸಿಡಿಯಾದರೆ ಒಂದು ಸಿನಿಮಾಕ್ಕೆ ಎರಡು ಡಿಸ್ಕ್. ಬದಲಾಯಿಸುವಾಗ ಅಮ್ಮ ಒಲೆ ಮೇಲಿನ ಹಾಲು ನೋಡಿ ಬರುತ್ತಿದ್ದಳು. ಆದರೆ ಡಿವಿಡಿಗೆ ಇನ್ನೊಂದು ಬೇಲಿ ಇತ್ತು. ಸಿನಿಮಾ ಕಂಪನಿಗಳು ಭೂಮಿಯನ್ನೇ ವಲಯಗಳಾಗಿ ಹಂಚಿಕೊಂಡಿದ್ದವು. ಅಮೆರಿಕ ಒಂದನೆಯದು, ಭಾರತ ಐದನೆಯದು. ಕಂಪ್ಯೂಟರಿನ ಡ್ರೈವ್‌ನಲ್ಲಿ ವಲಯವನ್ನು 5 ಸಲ ಬದಲಾಯಿಸಬಹುದು. ಕೊನೆಯ ಸಲ ಎಲ್ಲಿ ನಿಲ್ಲಿಸಿದಿರೋ ಅಲ್ಲೇ ಬೀಗ. ಇದು ನಮಗೆ ಗೊತ್ತಾಗುವ ಹೊತ್ತಿಗೆ ಒಂದೇ ಒಂದು ಅವಕಾಶ ಉಳಿದಿತ್ತು. ದುಡ್ಡು ಕೊಟ್ಟು ಕೊಂಡ ಯಂತ್ರ, ದುಡ್ಡು ಕೊಟ್ಟು ಕೊಂಡ ಡಿಸ್ಕ್, ಆದರೂ ನೋಡುವಂತಿಲ್ಲ ಅಂದರೆ ಹೊಟ್ಟೆ ಉರಿಯುತ್ತೆ ಅಲ್ವಾ?

ಜಾಸ್ತಿ ದುಡ್ಡು ಕೊಟ್ಟವರಿಗೆ ಪೆಟ್ಟೂ ಜಾಸ್ತಿ. 2006ರಲ್ಲಿ ಕಾಸ್ಮಿಯೋದಲ್ಲಿ ಇನ್ನೂ ಸ್ಪಷ್ಟ ಚಿತ್ರದ ಎಚ್‌ಡಿ ಡಿವಿಡಿ ಡ್ರೈವ್ ಬಂತು, ಸೋನಿಯ ವಾಯೋ ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಪೈಪೋಟಿಯ ಬ್ಲೂ-ರೇ. 2008ರ ಫೆಬ್ರವರಿ 19ರಂದು ತೋಷಿಬಾ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟಿತು. ಎರಡೇ ವರ್ಷ! ಮೀಡಿಯಾ ಸೆಂಟರಿನ ಗತಿಯೂ ಅಷ್ಟೇ. ವಿಂಡೋಸ್ 8ರಲ್ಲಿ ಅದಕ್ಕೆ ಬೇರೆ ದುಡ್ಡು ಕೊಡಬೇಕಾಯಿತು, 2015ರ ವಿಂಡೋಸ್ 10ರಲ್ಲಿ ಪೂರ್ತಿ ಮಾಯ.

ಯಾರ ಅಪ್ಪಣೆಯೂ ಬೇಡದ ಭಾಗಗಳೂ ಕೆಟ್ಟದ್ದುಂಟು. ಕಾರಣ ಶಾಖ. ತನ್ನ ಕೆಲವು ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್‌ಗಳ (ಪರದೆಗೆ ಚಿತ್ರ ಮೂಡಿಸುವ ಚಿಪ್) ಕಟ್ಟಣೆಯಲ್ಲಿ ಬಳಸಿದ ವಸ್ತು ದುರ್ಬಲ ಅಂತ ಚಿಪ್ ಕಂಪನಿ ಎನ್‌ವಿಡಿಯಾ 2008ರ ಜುಲೈನಲ್ಲಿ ಒಪ್ಪಿಕೊಂಡು, 15ರಿಂದ 20 ಕೋಟಿ ಡಾಲರ್ ತೆಗೆದಿಟ್ಟಿತು. ಮದರ್‌ಬೋರ್ಡಿಗೇ ಬೆಸುಗೆ ಹಾಕಿದ ಚಿಪ್ ಅದು. ಬಿಚ್ಚಿ ಬೇರೆ ಹಾಕೋಣ ಅಂದರೆ ಸುಲಭದ ಮಾತಲ್ಲ.

ಇನ್ನು ಪರದೆ. ಆ ಕಾಲದ ಹೆಚ್ಚಿನವು ಟಿಎನ್ ಅನ್ನುವ ಬಗೆಯ ಪರದೆಗಳು. ನೇರ ಕೂತವರಿಗೆ ಚೆನ್ನ, ಸೋಫಾದ ತುದಿಯಲ್ಲಿ ಕೂತವರಿಗೆ ಮುಖಗಳೆಲ್ಲ ಬಣ್ಣಗೆಟ್ಟು ಕಾಣುತ್ತಿದ್ದವು. ಮನೆಮಂದಿ ಸಾಲಾಗಿ ಕೂತು ನೋಡುವ ನಮ್ಮಂಥವರಿಗೆ ಇದೇ ದೊಡ್ಡ ಕೊರತೆ. ಈಗಿನ ಐಪಿಎಸ್, ಓಎಲ್‌ಇಡಿ ಪರದೆಗಳಲ್ಲಿ ಆ ಕಷ್ಟ ಕಡಿಮೆ. ಸ್ಪೀಕರಿನಲ್ಲಿ ಮಾತ್ರ ಹಳೆಯದೇ ಮೇಲು ಅನ್ನಿಸುತ್ತದೆ ನನಗೆ. ದಪ್ಪ ಮೈಯೊಳಗೆ ಗಾಳಿಗೆ ಜಾಗ ಇತ್ತು, ತಬಲದ ಎಡಗೈ ಪೆಟ್ಟು ಕೇಳುತ್ತಿತ್ತು. ತೆಳ್ಳನೆಯ ಯಂತ್ರದಲ್ಲಿ ಯಾವ ಹೆಸರಿನ ಸ್ಟಿಕರ್ ಅಂಟಿಸಿದರೂ ಆ ಜಾಗ ಹುಟ್ಟಿಬರುವುದಿಲ್ಲ.

2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಭಾರತಕ್ಕೆ ಬಂತು, ಸೆಪ್ಟೆಂಬರ್‌ನಲ್ಲಿ ಜಿಯೋ. ಡಿಸ್ಕು, ಕೇಬಲ್ಲು ಎರಡೂ ಹಿಂದೆ ಸರಿದವು. ಆದರೆ ಅಪ್ಪಣೆಯ ವಿಷಯ ಹೋಗಲಿಲ್ಲ. ಅದು ಕಣ್ಣಿಗೆ ಕಾಣದ ಜಾಗಕ್ಕೆ ಸರಿಯಿತು. ಇಂಟರ್‌ನೆಟ್ಟಿನ ವಿಡಿಯೋ ಕುಗ್ಗಿಸಿದ ರೂಪದಲ್ಲಿ ಬರುತ್ತದೆ. ಅದನ್ನು ಬಿಡಿಸಲು ಚಿಪ್‌ನೊಳಗೆ ಬೇರೆಯೇ ಒಂದು ಭಾಗ ಇರುತ್ತದೆ. ಅದಿಲ್ಲದಿದ್ದರೆ ಪ್ರೊಸೆಸರೇ ಎಲ್ಲ ಕೆಲಸ ಮಾಡಬೇಕು. ಫ್ಯಾನ್ ಕಿರುಚುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಎಚ್‌ಇವಿಸಿ, ವಿಪಿ9, ಎವಿ1 ಅನ್ನುವ ಹೆಸರುಗಳು ಇಂಥ ಕುಗ್ಗಿಸುವ ವಿಧಾನಗಳದ್ದು. ಲ್ಯಾಪ್‌ಟಾಪ್‌ನ ಇಂಟೆಲ್ ಚಿಪ್‌ಗಳಲ್ಲಿ ಎವಿ1 ಬಿಡಿಸುವ ಶಕ್ತಿ ಬಂದದ್ದು 2020ರ 11ನೇ ತಲೆಮಾರಿನಲ್ಲಿ. ಹಳೆಯ ಲ್ಯಾಪ್‌ಟಾಪ್ ಅಗ್ಗಕ್ಕೆ ಕೊಳ್ಳುವವರು ಇದನ್ನು ನೋಡಿಯೇ ಕೊಳ್ಳಬೇಕು.

ನನಗೆ ನಿಜಕ್ಕೂ ಬೇಸರ ತಂದದ್ದು 2025ರ ಸುದ್ದಿ. ಎಚ್‌ಪಿ ಮತ್ತು ಡೆಲ್ ತಮ್ಮ ಕೆಲವು ಮಾದರಿಗಳಲ್ಲಿ, ಚಿಪ್‌ನೊಳಗೇ ಇರುವ ಎಚ್‌ಇವಿಸಿ ಭಾಗವನ್ನು ನಿಲ್ಲಿಸಿಬಿಟ್ಟಿದ್ದು ಹೊರಗೆ ಬಂತು. ಈ ವಿಧಾನಕ್ಕೆ ಪೇಟೆಂಟ್ ಶುಲ್ಕದ ತಕರಾರು ಮೊದಲಿನಿಂದಲೂ ಅಂಟಿಕೊಂಡಿದೆ. ಯಂತ್ರದೊಳಗೆ ಭಾಗ ಇದೆ, ಕೊಂಡವರಿಗೆ ಸಿಗುವುದಿಲ್ಲ. ವಲಯದ ಬೀಗದ ಕಾಲಕ್ಕೇ ವಾಪಸ್ ಹೋದ ಹಾಗಾಯಿತು.

ಈ ಸಲ ಭಾವ ಬರುವಾಗ ಅಮ್ಮನಿಗೆ ಹೊಸದೊಂದು ತರುತ್ತೇನೆ ಅಂದರು. ಸ್ಟಿಕರ್ ನೋಡಬೇಡಿ ಅಂದೆ. ಎಚ್‌ಡಿಎಂಐ 2.0 ಇದೆಯಾ ನೋಡಿ, 1.4 ಆದರೆ 4ಕೆ ಟಿವಿಗೆ ಸೆಕೆಂಡಿಗೆ 30 ಚಿತ್ರ ಮಾತ್ರ ಹೋಗುತ್ತದೆ. ಟೈಪ್-ಸಿ ಪೋರ್ಟ್ ವಿಡಿಯೋ ಕಳಿಸುತ್ತಾ ಕೇಳಿ, ಎಲ್ಲವೂ ಕಳಿಸುವುದಿಲ್ಲ. ಎವಿ1 ಬಿಡಿಸುತ್ತಾ, ಎಚ್‌ಇವಿಸಿ ಚಾಲೂ ಇದೆಯಾ ಕೇಳಿ. ಬದಿಯಿಂದ ಪರದೆ ನೋಡಿ, ಒಂದು ಹಾಡು ಹಾಕಿ ಕೇಳಿ.

ಅವರು ಬರುವವರೆಗೆ ಹಳೆಯದನ್ನೇ ಹಜಾರದ ಹೊಸ ಟಿವಿಗೆ ಎಚ್‌ಡಿಎಂಐ ತಂತಿಯಲ್ಲಿ ಜೋಡಿಸಿದ್ದೇನೆ. ಮೊದಲ ಸಲಕ್ಕೇ ಹಿಡಿಯಿತು. ಅದರಲ್ಲಿ ಉಳಿದಿರುವ 2009ರ ಗೃಹಪ್ರವೇಶದ ಫೋಟೋಗಳನ್ನು ಅಮ್ಮ ದಿನಾ ಸಂಜೆ ನೋಡುತ್ತಿದ್ದಾಳೆ.