ಓಲ್ಡಾನ್ ಹೇಳುವ ಜೀನ್

ಡಿಎನ್‌ಎ ರಿಪೇರಿಗೆ ಒಂದು ನೋಟ್‌ಬುಕ್, ಕೋಶ ವಿಭಜನೆಗೆ ಇನ್ನೊಂದು. ಹೀಗೆ ಇಟ್ಟುಕೊಂಡೇ ನಾನು ಒಂದು ಸೆಮಿಸ್ಟರ್ ಹಾಳು ಮಾಡಿಕೊಂಡೆ. ಎರಡನ್ನೂ ಒಟ್ಟಿಗೆ ಓದಬೇಕು. ಯಾಕೆ ಅಂತ ತಿಳಿಯೋಕೆ 1988ರ ಒಂದು ಪ್ರಯೋಗ ಸಾಕು.

ಮೊದಲು ಸ್ವಲ್ಪ ಲೆಕ್ಕ. ನಮ್ಮ ಒಂದು ಕೋಶದಲ್ಲಿ ಸುಮಾರು 2 ಮೀಟರ್ ಡಿಎನ್‌ಎ ಇದೆ. ಬಿಸಿಲು, ಎಕ್ಸ್‌ರೇ ಏನೂ ಬೇಡ, ಸುಮ್ನೆ ನೀರಿನಲ್ಲಿ ಇದ್ದರೂ ಅದು ಕೆಡುತ್ತದೆ. ದಿನಕ್ಕೆ ಒಂದು ಕೋಶದಲ್ಲಿ 10,000ದಷ್ಟು ಕಡೆ ಡಿಎನ್‌ಎಯ ‘ಅಕ್ಷರ’ಗಳಾದ ಅಡೆನಿನ್, ಗ್ವಾನಿನ್ ಕಳಚಿ ಬೀಳುತ್ತವೆ ಅಂತ ಅಂದಾಜು. ಡಿಎನ್‌ಎ ಹೀಗೆ ತಾನಾಗಿ ಕೆಡುತ್ತದೆ ಅಂತ ತೋರಿಸಿದವರು ಟೊಮಾಸ್ ಲಿಂಡಾಲ್. 2015ರ ಕೆಮಿಸ್ಟ್ರಿ ನೊಬೆಲ್ ಪಡೆದ ಮೂವರಲ್ಲಿ ಒಬ್ಬರು.

ಈಗ ಪ್ರಯೋಗ. ಲೀಲಂಡ್ ಹಾರ್ಟ್‌ವೆಲ್ ಮತ್ತು ಟೆಡ್ ವೈನರ್ಟ್ ಅನ್ನುವ ವಿಜ್ಞಾನಿಗಳು ತೆಗೆದುಕೊಂಡಿದ್ದು ಯೀಸ್ಟ್. ನಮ್ಮ ಅಯ್ಯಂಗಾರ್ ಬೇಕರಿಯ ಬನ್ ಉಬ್ಬಿಸುವ ಅದೇ ಜಾತಿ. ಅಂಗಡಿಯ ಒಣ ಯೀಸ್ಟ್ ಒಂದು ಚಿಟಿಕೆ ಉಗುರುಬೆಚ್ಚನೆ ಸಕ್ಕರೆ ನೀರಿಗೆ ಹಾಕಿ, ಒಂದೆರಡು ಗಂಟೆ ಬಿಟ್ಟು ಮೈಕ್ರೋಸ್ಕೋಪ್‌ನಲ್ಲಿ ನೋಡಿ. ದುಂಡನೆಯ ಕೋಶದ ಪಕ್ಕದಲ್ಲಿ ಪುಟ್ಟ ಮೊಗ್ಗು ಅಂಟಿಕೊಂಡಿರುತ್ತದೆ. ಆ ಮೊಗ್ಗೇ ಮಗಳು ಕೋಶ.

ಇಂಥ ಯೀಸ್ಟ್‌ಗೆ ಎಕ್ಸ್‌ರೇ ಹೊಡೆದರೆ ಮೊಗ್ಗು ದೊಡ್ಡದಾಗುತ್ತದೆ, ಆದರೆ ವಿಭಜನೆ ಅಲ್ಲೇ ನಿಲ್ಲುತ್ತದೆ. ರಿಪೇರಿ ಮುಗಿದ ಮೇಲೆ ಮುಂದುವರಿಯುತ್ತದೆ. ರಾಡ್9 ಜೀನ್ ಕೆಟ್ಟ ಯೀಸ್ಟ್ ಮಾತ್ರ ನಿಲ್ಲಲಿಲ್ಲ. ತುಂಡಾದ ಕ್ರೋಮೋಸೋಮ್ ಇಟ್ಟುಕೊಂಡೇ ವಿಭಜನೆಯಾಗಿ ಸತ್ತಿತು. ರಾಡ್9 ರಿಪೇರಿ ಮಾಡುವ ಜೀನ್ ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ?

ಅವರು ಅಲ್ಲಿಗೇ ಬಿಡಲಿಲ್ಲ. ಅದೇ ಕೆಟ್ಟ ಯೀಸ್ಟ್‌ಗೆ ಮೈಕ್ರೋಟ್ಯೂಬ್ಯೂಲ್ (ವಿಭಜನೆಯಲ್ಲಿ ಕ್ರೋಮೋಸೋಮ್ ಎಳೆಯುವ ನಾರು) ಮುರಿಯುವ ಔಷಧ ಹಾಕಿ ಕೆಲವು ಗಂಟೆ ಬಲವಂತವಾಗಿ ತಡೆದಿಟ್ಟರು. ಬೇರೇನೂ ಮಾಡಲಿಲ್ಲ. ಆಮೇಲೆ ಬಿಟ್ಟರೆ ಬದುಕಿದವು ಜಾಸ್ತಿ! ಅಂದರೆ ರಿಪೇರಿ ಮಾಡುವ ಪ್ರೋಟೀನ್‌ಗಳೆಲ್ಲ ಸರಿಯಾಗೇ ಇದ್ದವು. ಇಲ್ಲದ್ದು ಪುರುಸೊತ್ತು.

ಬಿಎಂಟಿಸಿ ಬಸ್ ನೆನಪಿಸಿಕೊಳ್ಳಿ. ಅಜ್ಜಿ ಇನ್ನೂ ಮೆಟ್ಟಿಲ ಮೇಲೆ ಇದ್ದಾರೆ. ಹತ್ತೋಕೆ ಅವರಿಗೆ ಬರುತ್ತದೆ, ಓಡಿಸೋಕೆ ಡ್ರೈವರ್‌ಗೂ ಬರುತ್ತದೆ. ಆದರೆ ‘ಓಲ್ಡಾನ್’ (ಹೋಲ್ಡ್ ಆನ್, ಅಂದರೆ ನಿಲ್ಲಿಸಿ) ಅಂತ ಕೂಗುವ ಕಂಡಕ್ಟರ್ ಇಲ್ಲದಿದ್ದರೆ ಅಜ್ಜಿ ಬೀಳುತ್ತಾರೆ. ರಾಡ್9 ಆ ಕಂಡಕ್ಟರ್. ಇದಕ್ಕೇ ಚೆಕ್‌ಪಾಯಿಂಟ್ ಅನ್ನುವುದು. ಹಾರ್ಟ್‌ವೆಲ್‌ಗೆ 2001ರಲ್ಲಿ ನೊಬೆಲ್ ಬಂತು. ನಮ್ಮ ಕೋಶಗಳಲ್ಲಿ ಈ ಕೆಲಸಕ್ಕೆ ಎಟಿಎಂ (ದುಡ್ಡು ಬರುವುದಲ್ಲ), ಪಿ53 ಮುಂತಾದ ಪ್ರೋಟೀನ್‌ಗಳಿವೆ.

ನಿಂತಾಗ ಏನು ರಿಪೇರಿ? ಡಿಎನ್‌ಎಯ ಎರಡೂ ಎಳೆ ತುಂಡಾಗಿದ್ದರೆ ಮುಖ್ಯವಾಗಿ ಎರಡು ದಾರಿ. ಹರಿದ ನೋಟ್ಸ್ ಹಾಳೆಗೆ ಜೆರಾಕ್ಸ್ ಇದ್ದರೆ ನೋಡಿ ಬರೆದುಕೊಳ್ಳುತ್ತೇವೆ. ಇಲ್ಲದಿದ್ದರೆ ಟೇಪ್ ಹಚ್ಚುತ್ತೇವೆ, ಒಂದೆರಡು ಅಕ್ಷರ ಹೋದರೆ ಹೋಯಿತು. ಡಿಎನ್‌ಎ ನಕಲಾದ ಮೇಲೆ, ಅಂದರೆ ಎಸ್ ಮತ್ತು ಜಿ2 ಹಂತದಲ್ಲಿ, ಪಕ್ಕದಲ್ಲೇ ಜೆರಾಕ್ಸ್ ಇರುತ್ತದೆ. ನಕಲಾಗುವ ಮುಂಚಿನ ಜಿ1 ಹಂತದಲ್ಲಿ ಹೆಚ್ಚಾಗಿ ಟೇಪೇ ಗತಿ. ಇವೆರಡರ ಮೇಲೂ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ (ಬೆಂಗಳೂರಿನ ಐಐಎಸ್‌ಸಿ) ಕೆಲಸ ನಡೆದಿದೆ. ಕೆ. ಮುನಿಯಪ್ಪ ಅವರು ಬ್ಯಾಕ್ಟೀರಿಯಾದಲ್ಲಿ ಹೊಂದುವ ಎಳೆ, ಅಂದರೆ ಜೆರಾಕ್ಸ್, ಹುಡುಕುವ ರೆಕ್‌ಎ ಪ್ರೋಟೀನ್ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಸತೀಸ್ ರಾಘವನ್ ಅವರ ತಂಡ 2012ರಲ್ಲಿ ಟೇಪ್ ಹಚ್ಚುವುದನ್ನೇ ತಡೆಯುವ ಎಸ್‌ಸಿಆರ್7 ಅಣುವನ್ನು ವರದಿ ಮಾಡಿತು. ರಿಪೇರಿ ತಪ್ಪಿಸಿದರೆ ಕ್ಯಾನ್ಸರ್ ಕೋಶ ಸಾಯುತ್ತದೆ ಅನ್ನುವುದು ಲೆಕ್ಕಾಚಾರ. ಅದರ ರಚನೆಯ ಬಗ್ಗೆ ಬೇರೆ ಲ್ಯಾಬ್‌ಗಳು ಆಮೇಲೆ ಪ್ರಶ್ನೆ ಎತ್ತಿವೆ. ವೈವಾದಲ್ಲಿ ಎರಡನ್ನೂ ಹೇಳಿ.

ನಾನು ಎಡವಿದ ಪ್ರಶ್ನೆ ಒಂದಿದೆ: ಮೈಟಾಸಿಸ್, ಅಂದರೆ ಕ್ರೋಮೋಸೋಮ್‌ಗಳು ಬೇರೆಯಾಗುವ ಹಂತ, ನಡೆಯುವಾಗಲೇ ಡಿಎನ್‌ಎ ತುಂಡಾದರೆ? ಆಗ ಕೋಶ ತುಂಡಾದ ಜಾಗಕ್ಕೆ ಗುರುತು ಹಾಕುತ್ತದೆ ಅಷ್ಟೇ, ಸಾಮಾನ್ಯ ರಿಪೇರಿಯನ್ನು ಮುಂದಕ್ಕೆ ಹಾಕುತ್ತದೆ. ಹೆಬ್ಬಾಳ ಫ್ಲೈಓವರ್ ಮೇಲೆ ಬಸ್ ನಿಲ್ಲಿಸಿ ಟೈರ್ ಬದಲಿಸುವವರು ಯಾರು? ಬಲವಂತವಾಗಿ ಆಗಲೇ ರಿಪೇರಿ ಮಾಡಿಸಿದರೆ ಕ್ರೋಮೋಸೋಮ್‌ಗಳ ತುದಿಗಳು, ಅಂದರೆ ಟೆಲೋಮಿಯರ್‌ಗಳು, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇದು 2014ರಲ್ಲಿ ಗೊತ್ತಾಯಿತು.