ಜೊಂಡು ತುಂಬಿದ ಕೆರೆಗೆ ಯಾವ ರಾಡ್? ‘ಎಷ್ಟು ಕೆಜಿ ಎತ್ತುತ್ತೆ’ ಎಂದು ಕೇಳುವ ಮೊದಲು

ಪ್ರಶ್ನೆ: ನಮ್ಮೂರ ಕೆರೆಯಲ್ಲಿ ಮುಕ್ಕಾಲು ಭಾಗ ತಾವರೆ, ಜೊಂಡು. ಕಪ್ಪೆ ಲ್ಯೂರ್ (ರಬ್ಬರ್ ಕಪ್ಪೆಯ ಹುಸಿ ಎರೆ) ಹಾಕಿ ಕೊರವ ಹಿಡಿಯಬೇಕೆಂದಿದ್ದೇನೆ. ಮೂರು ನಾಲ್ಕು ಕೆಜಿ ಮೀನಿವೆಯಂತೆ. ಕಳೆಯೊಳಗಿಂದ ಎಳೆಯಬೇಕಲ್ಲ, 10 ಕೆಜಿಯಾದರೂ ಎತ್ತುವಂಥ ರಾಡ್ ಯಾವುದು ಹೇಳಿ ಸರ್.

ಬೇಕಾದ ಉತ್ತರ ಮೊದಲು ಕೊಟ್ಟುಬಿಡುತ್ತೇನೆ. 7 ಅಡಿ ಉದ್ದ, ಮೀಡಿಯಂ ಹೆವಿ ಪವರ್, ಫಾಸ್ಟ್ ಆಕ್ಷನ್ (ಎರಡರ ಅರ್ಥ ಮುಂದೆ ಹೇಳುತ್ತೇನೆ), ಲ್ಯೂರ್ ತೂಕ 7ರಿಂದ 28 ಗ್ರಾಂ ಎಂದು ಬರೆದಿರುವ ಕಾರ್ಬನ್ ಬೈಟ್‌ಕಾಸ್ಟಿಂಗ್ (ರೀಲು ಮೇಲ್ಗಡೆ ಕೂರುವ) ರಾಡ್. ಅದಕ್ಕೆ 40ರಿಂದ 50 ಪೌಂಡಿನ ಬ್ರೇಡ್ (ಎಳೆಗಳನ್ನು ಹೆಣೆದ) ದಾರ. ಕೊರವ, ಕುಚ್ಚು, ಮುರೆಲ್, ಆಂಧ್ರದ ಗಡಿಯ ಕಡೆ ಕೊರಮೀನು, ನೀವು ಏನೇ ಕರೆಯಿರಿ, ನಮ್ಮ ಕೆರೆಗಳಲ್ಲಿ ಕಳೆಯ ಮೇಲೆ ಕಪ್ಪೆ ಆಡಿಸುವವರಿಗೆ ನೂರಕ್ಕೆ ತೊಂಬತ್ತು ಸಲ ಇಷ್ಟು ಸಾಕು.

ಆದರೆ ನಿಮ್ಮ ಪ್ರಶ್ನೆಯ ಕೊನೆಯ ವಾಕ್ಯವನ್ನು ಹಾಗೇ ಬಿಟ್ಟುಬಿಡಲಾರೆ. ‘10 ಕೆಜಿ ಎತ್ತುವ ರಾಡ್.’ ಈ ಮಾತು ತಿಂಗಳಿಗೆ ನಾಲ್ಕು ಸಲವಾದರೂ ಬರುತ್ತದೆ, ಪ್ರತಿ ಸಲವೂ ಅದೇ ಉತ್ತರ ಬರೆಯುತ್ತೇನೆ. ಈ ಸಲ ಬುಡದಿಂದಲೇ ಬರೆಯುತ್ತೇನೆ.

ರಾಡಿನ ಹಿಡಿಯ ಮೇಲ್ಗಡೆ ‘ಲೈನ್ 12–25 ಎಲ್‌ಬಿ’ ಎಂದು ಅಚ್ಚಾಗಿರುತ್ತದೆ. ಎಲ್‌ಬಿ ಅಂದರೆ ಪೌಂಡ್, 25 ಪೌಂಡ್ ಅಂದರೆ ಸುಮಾರು 11 ಕೆಜಿ, ಹಾಗಾಗಿ ಈ ರಾಡು 11 ಕೆಜಿ ಮೀನನ್ನು ಎತ್ತುತ್ತದೆ ಎಂದು ಅಂಗಡಿಯವರೂ ಹೇಳುತ್ತಾರೆ, ಕೊಂಡವರೂ ನಂಬುತ್ತಾರೆ. ಅದು ಮೀನಿನ ತೂಕವೇ ಅಲ್ಲ. ಎಷ್ಟು ಪೌಂಡಿಗೆ ಕಡಿಯುವ ದಾರವನ್ನು ಈ ರಾಡಿಗೆ ಹಾಕಬಹುದು ಎಂಬುದಷ್ಟೇ ಅದರ ಅರ್ಥ. ಅದೂ ಸಾಮಾನ್ಯವಾಗಿ ನೈಲಾನ್ ದಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. 50 ಪೌಂಡಿನ ಬ್ರೇಡು ದಪ್ಪದಲ್ಲಿ 12 ಪೌಂಡಿನ ನೈಲಾನಿನಷ್ಟೇ ಇರುತ್ತದೆ. ಆದ್ದರಿಂದ ರೀಲಿನ ಡ್ರ್ಯಾಗ್ (ಮೀನು ಜೋರಾಗಿ ಎಳೆದಾಗ ದಾರ ಬಿಟ್ಟುಕೊಡುವ ಬ್ರೇಕು) ಬಿಗಿದು ಬೀಗ ಹಾಕದಿದ್ದರೆ 12–25ರ ರಾಡಿಗೆ ಅದನ್ನು ಧಾರಾಳವಾಗಿ ಹಾಕಬಹುದು.

ನಂಬಿಕೆ ಬರದಿದ್ದರೆ ಮನೆಯಲ್ಲೇ ನೋಡಿ. ಲಗೇಜು ತೂಗುವ ಸಣ್ಣ ಡಿಜಿಟಲ್ ತಕ್ಕಡಿಯನ್ನು ಬಾಗಿಲ ಚಿಲಕಕ್ಕೋ ಮರಕ್ಕೋ ಕಟ್ಟಿ. ರೀಲಿನ ದಾರವನ್ನು ಎಲ್ಲ ಗೈಡುಗಳ (ರಾಡಿನ ಉಂಗುರಗಳ) ಮೂಲಕ ಹಾಯಿಸಿ ತಕ್ಕಡಿಯ ಕೊಕ್ಕೆಗೆ ಬಿಗಿದು ಹತ್ತು ಹೆಜ್ಜೆ ಹಿಂದೆ ನಿಲ್ಲಿ. ಡ್ರ್ಯಾಗ್ ಬಿಗಿ ಮಾಡಿ, ಮೀನು ಹಿಡಿದಾಗ ಎತ್ತುವ ಹಾಗೆಯೇ ರಾಡನ್ನು 45 ಡಿಗ್ರಿಗೆ ಎತ್ತಿ, ತೋಳು ನಡುಗುವವರೆಗೆ ಎಳೆಯಿರಿ. ತಕ್ಕಡಿಯ ಬಳಿ ನಿಂತ ಗೆಳೆಯ ಓದಿ ಹೇಳುವ ಅಂಕಿ ಬಹುತೇಕರಿಗೆ 2ರಿಂದ 3 ಕೆಜಿ. ಗಟ್ಟಿಮುಟ್ಟಾದ ಆಳುಗಳೂ 4 ದಾಟಿಸಲು ತಿಣುಕುತ್ತಾರೆ.

ಕಾರಣ ಸನ್ನೆಗೋಲಿನ ಲೆಕ್ಕ. ಸನ್ನೆಗೋಲಲ್ಲಿ ಉದ್ದದ ಕಡೆ ನಾವಿದ್ದು ಗಿಡ್ಡ ಕಡೆ ಬಂಡೆಯಿರುತ್ತದೆ, ಅದಕ್ಕೇ ಬಂಡೆ ಮೇಲೇಳುತ್ತದೆ. ಮೀನಿನ ರಾಡಿನಲ್ಲಿ ಎಲ್ಲ ತಿರುವುಮುರುವು: ಉದ್ದದ ಕಡೆ ಮೀನು, ಗಿಡ್ಡ ಕಡೆ ನೀವು. ರೀಲಿನಿಂದ ಹಿಂದಕ್ಕೆ ಹಿಡಿ 25 ಸೆಂಮೀ. ರಾಡು ಚೆನ್ನಾಗಿ ಬಾಗಿದಾಗ ರೀಲಿನಿಂದ ದಾರದ ಗೆರೆಗೆ ಅಡ್ಡ ಅಂತರ 120 ಸೆಂಮೀ ಎಂದಿಟ್ಟುಕೊಳ್ಳಿ. ದಾರದಲ್ಲಿ 3 ಕೆಜಿ ಎಳೆತ ಬರಬೇಕಾದರೆ ಹಿಡಿಯ ತುದಿಯಲ್ಲಿ, ಮುಂಗೈಗೋ ಹೊಟ್ಟೆಗೋ, 14 ಕೆಜಿಗೂ ಹೆಚ್ಚು ಒತ್ತಡ ಬೀಳುತ್ತದೆ. ಈಗ ‘ಹೆಚ್ಚು ಕೆಜಿ ಎತ್ತುವ’ ಒನಕೆಯಂಥ ರಾಡನ್ನು ತನ್ನಿ. ಅದು ಬಾಗುವುದಿಲ್ಲ. ಬಾಗದೆ ನೆಟ್ಟಗೆ ನಿಂತರೆ ಆ 120 ಸೆಂಮೀ 175 ಆಗುತ್ತದೆ, ಅದೇ 3 ಕೆಜಿಗೆ ನಿಮ್ಮ ಮುಂಗೈ ಮೇಲೆ 21 ಕೆಜಿ. ಗಟ್ಟಿ ರಾಡು ನಿಮಗೆ ಶಕ್ತಿ ಕೊಡಲಿಲ್ಲ, ಇದ್ದ ಶಕ್ತಿಯನ್ನೂ ಕಿತ್ತುಕೊಂಡಿತು. ಬಾಗು ಅಂದರೆ ದೌರ್ಬಲ್ಯವಲ್ಲ. ಬಾಗಿದಷ್ಟೂ ಮೀನಿನ ಕಡೆಯ ಸನ್ನೆ ಗಿಡ್ಡವಾಗುತ್ತದೆ.

ಇನ್ನೊಂದು ಮಾತು. ನೀರೊಳಗಿನ ಮೀನಿಗೆ ಹೆಚ್ಚುಕಡಿಮೆ ತೂಕವೇ ಇಲ್ಲ. 3 ಕೆಜಿ ಕೊರವ ನೀರಲ್ಲಿ 3 ಕೆಜಿ ತೂಗುವುದಿಲ್ಲ, ಅದು ಒದ್ದಾಡುವ ಬಲವಷ್ಟೇ ದಾರಕ್ಕೆ ಬರುತ್ತದೆ. ನಿಮ್ಮ ಕೆರೆಯಲ್ಲಿ ನಿಜಕ್ಕೂ ಭಾರವಾಗಿರುವುದು ಕಳೆ. ಗಾಳ ಚುಚ್ಚಿದ ಕೂಡಲೇ ಕೊರವ ತಾವರೆ ದಂಟುಗಳ ನಡುವೆ ತಲೆ ತೂರಿಸಿ ಎರಡು ಸುತ್ತು ಹೊರಳುತ್ತದೆ. ದಾರ ದಂಟಿಗೆ ಸುತ್ತಿಕೊಂಡರೆ ನೀವು ಎಳೆಯುತ್ತಿರುವುದು ಮೀನನ್ನಲ್ಲ, ಕೆಸರಲ್ಲಿ ಬೇರೂರಿದ ಗಿಡವನ್ನು. ಅದನ್ನು 10 ಕೆಜಿ ರಾಡೂ ಕೀಳುವುದಿಲ್ಲ, 20 ಕೆಜಿ ರಾಡೂ ಕೀಳುವುದಿಲ್ಲ. ಕೀಳುವುದೇನಿದ್ದರೂ ದಾರವೇ. ಆಗ ರಾಡನ್ನು ಮೇಲೆತ್ತಿ ಗುದ್ದಾಡಬೇಡಿ. ತುದಿಯನ್ನು ಮೀನಿನ ಕಡೆಗೇ ನೆಟ್ಟಗೆ ತೋರಿಸಿ, ಸ್ಪೂಲನ್ನು (ರೀಲಿನಲ್ಲಿ ದಾರ ಸುತ್ತಿದ ಉರುಳೆ) ಹೆಬ್ಬೆರಳಿಂದ ಒತ್ತಿ, ನಿಧಾನಕ್ಕೆ ಹಿಂದಕ್ಕೆ ನಡೆಯಿರಿ. ಈಗ ಸನ್ನೆಗೋಲೇ ಇಲ್ಲ, ದಾರದ ಪೂರ್ತಿ ಬಲ ನಿಮ್ಮದು. ತೆಳುವಾದ ಬ್ರೇಡು ಬಿಗಿಯಾದಾಗ ತಾವರೆ, ನೈದಿಲೆಯ ಮೆತ್ತನೆ ದಂಟನ್ನು ಗರಗಸದ ಹಾಗೆ ಕೊಯ್ಯುತ್ತದೆ. ನೈಲಾನು ಹಿಗ್ಗುತ್ತದೆಯೇ ಹೊರತು ಕೊಯ್ಯುವುದಿಲ್ಲ. ಕೆಲವರು ದಾರವನ್ನೇ ಕೈಗೆ ಸುತ್ತಿಕೊಂಡು ಎಳೆಯುತ್ತಾರೆ. ದಯವಿಟ್ಟು ಬೇಡ, ಬ್ರೇಡು ಬೆರಳನ್ನೂ ಹಾಗೇ ಕೊಯ್ಯುತ್ತದೆ. ಎಳೆಯಲೇಬೇಕೆಂದರೆ ಒಂದು ಕೋಲಿಗೆ ಸುತ್ತಿ ಎಳೆಯಿರಿ.

‘ರಾಡು ಮುರಿಯಿತು, ಮಾಲೇ ಸರಿಯಿಲ್ಲ’ ಎಂಬ ದೂರುಗಳ ಮೂಲವೂ ಈ ನಂಬಿಕೆಯೇ. ಏರಿಯ ಕಲ್ಲುಕಟ್ಟಡದ ಮೇಲೆ ನಿಂತು, ನೀರಲ್ಲಿರುವ 2 ಕೆಜಿ ಮೀನನ್ನು ರಾಡಿನಿಂದಲೇ ಮೇಲಕ್ಕೆ ಎತ್ತುತ್ತಾರೆ. ನೀರು ಬಿಟ್ಟ ಕ್ಷಣ ಮೀನಿಗೆ ಪೂರ್ತಿ ತೂಕ ಬರುತ್ತದೆ. ರಾಡು ನೆಟ್ಟಗೆ ಆಕಾಶ ನೋಡುತ್ತಿರುತ್ತದೆ, ಅಷ್ಟೂ ಭಾರ ಪೆನ್ಸಿಲಿಗಿಂತ ತೆಳುವಾದ ತುದಿಯ ಒಂದಡಿಯ ಮೇಲೆ ಬೀಳುತ್ತದೆ. ಟಪ್. ರಾಡು ಹಿಡಿದ ಕೋನ 90 ಡಿಗ್ರಿ ದಾಟಬಾರದು, ಮೀನನ್ನು ದಡಕ್ಕೆ ಎಳೆದು ಬಲೆಯಿಂದಲೋ ಗ್ರಿಪ್ಪರಿನಿಂದಲೋ ಎತ್ತಬೇಕು.

ಈಗ ರಾಡಿನ ಆಯ್ಕೆ. ಪವರ್ ಅಂದರೆ ಬಾಗಿಸಲು ಎಷ್ಟು ಬಲ ಬೇಕು ಎಂಬುದು, ಆಕ್ಷನ್ ಅಂದರೆ ಎಲ್ಲಿಂದ ಬಾಗುತ್ತದೆ ಎಂಬುದು. ಎರಡನ್ನೂ ಒಂದೇ ಎಂದು ತಿಳಿದವರು ಬಹಳ. ಫಾಸ್ಟ್ ಆಕ್ಷನ್ ರಾಡು ಮೇಲಿನ ಮೂರನೇ ಒಂದು ಭಾಗದಲ್ಲಿ ಬಾಗುತ್ತದೆ, ಕೆಳಗಿನ ಎರಡು ಭಾಗ ಬಿಗಿಯಾಗಿರುತ್ತದೆ. ಕಳೆಗೆ ಬೇಕಾದ್ದು ಇದೇ. ತುದಿ ಮೆತ್ತಗಿದ್ದರೆ ಹಗುರವಾದ ಕಪ್ಪೆಯನ್ನು ಎಸೆಯಬಹುದು, ಎಲೆಯ ಮೇಲೆ ಕುಪ್ಪಳಿಸುವಂತೆ ಆಡಿಸಬಹುದು. ನಡು ಬಿಗಿಯಾಗಿದ್ದರೆ ಗಾಳ ಚುಚ್ಚಿದ ಮೊದಲ ಎರಡು ಸೆಕೆಂಡಿನಲ್ಲೇ ಮೀನಿನ ತಲೆಯನ್ನು ಮೇಲಕ್ಕೆ ತಿರುಗಿಸಬಹುದು. ತಲೆ ಮೇಲಾದರೆ ಕೊರವ ಎಲೆಗಳ ಮೇಲೆ ಜಾರಿಕೊಂಡು ಬರುತ್ತದೆ, ತಲೆ ಕೆಳಗಾದರೆ ಗಿಡದ ಬುಡ ಸೇರುತ್ತದೆ.

ನಿಜವಾಗಿ ಓದಬೇಕಾದ ಅಂಕಿ ಲ್ಯೂರ್ ತೂಕ. ನಮ್ಮಲ್ಲಿ ಕೊರವಕ್ಕೆ ಬಳಸುವ ಟೊಳ್ಳು ಹೊಟ್ಟೆಯ ರಬ್ಬರ್ ಕಪ್ಪೆಗಳು 4ರಿಂದ 6 ಸೆಂಮೀ ಉದ್ದ, ಹೆಚ್ಚಿನವು 8ರಿಂದ 16 ಗ್ರಾಂ. 7–28 ಗ್ರಾಂ ಎಂದು ಬರೆದ ರಾಡಿಗೆ ಇದು ಸರಿಯಾಗಿ ಹೊಂದುತ್ತದೆ. 20–80 ಗ್ರಾಂ ರಾಡಿಗೆ 10 ಗ್ರಾಂ ಕಪ್ಪೆ ಕಟ್ಟಿದರೆ ತುದಿ ಬಾಗುವುದೇ ಇಲ್ಲ. ಬಾಗದಿದ್ದರೆ ಎಸೆಯುವ ಶಕ್ತಿ ನಿಮ್ಮ ತೋಳಿನಿಂದಲೇ ಬರಬೇಕು. ಜೋರಾಗಿ ಬೀಸುತ್ತೀರಿ, ಸ್ಪೂಲು ಲ್ಯೂರಿಗಿಂತ ವೇಗವಾಗಿ ತಿರುಗುತ್ತದೆ, ರೀಲಿನಲ್ಲಿ ದಾರ ಹಕ್ಕಿಗೂಡಾಗುತ್ತದೆ. ಬೈಯುವುದು ರೀಲನ್ನು, ತಪ್ಪು ರಾಡಿನದು.

ಉದ್ದದ ವಿಷಯಕ್ಕೆ ಬಂದರೆ, ಕಳೆಯ ನಡುವಿನ ತಟ್ಟೆಯಗಲದ ಸಂದಿಗೆ ಕಪ್ಪೆ ಇಳಿಸುವುದನ್ನು ಪಿಚಿಂಗ್ ಎನ್ನುತ್ತಾರೆ. ರಾಡಿನ ತುದಿಯಿಂದ ಲ್ಯೂರನ್ನು ರೀಲಿನ ಮಟ್ಟದವರೆಗೆ ಇಳಿಬಿಟ್ಟು, ಎಡಗೈಯಲ್ಲಿ ಹಿಡಿದು, ತುದಿಯನ್ನು ನೀರಿನ ಕಡೆ ತಗ್ಗಿಸಿ, ಉಯ್ಯಾಲೆಯಂತೆ ಕೆಳಗಿನಿಂದ ಮುಂದಕ್ಕೆ ತೂಗಿಬಿಡುವುದು. ಲ್ಯೂರು ನೀರಿಗೆ ಒಂದಡಿ ಮೇಲೆ ಹಾರಿ ಸದ್ದಿಲ್ಲದೆ ಇಳಿಯಬೇಕು. 7 ಅಡಿ ರಾಡಿನಲ್ಲಿ ತೂಗುವ ದಾರದ ಉದ್ದ ಸರಿಯಾಗಿ ಬರುತ್ತದೆ. ಹರಿಗೋಲಿನಲ್ಲಿ ಕೂತು ಆಡುವವರಿಗೆ ಆರೂವರೆ ಅಡಿ ಸಾಕು, ಇಲ್ಲದಿದ್ದರೆ ತುದಿ ನೀರಿಗೆ ಬಡಿಯುತ್ತದೆ. ರೀಲಿನ ಹಿಂದಿನ ಹಿಡಿ 25 ಸೆಂಮೀ ಮೀರಿದರೆ ತೂಗುವಾಗ ಹೊಟ್ಟೆಗೆ, ಜೇಬಿಗೆ ಸಿಕ್ಕಿಕೊಳ್ಳುತ್ತದೆ. ಇದನ್ನು ಅಂಗಡಿಯಲ್ಲೇ ರೀಲು ಕೂರಿಸಿ ನೋಡಿ.

ಹಾಗೇ ಗೈಡುಗಳ ಒಳಗೆ ಹತ್ತಿಕಡ್ಡಿ ಆಡಿಸಿ. ಹತ್ತಿಯ ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಆ ಉಂಗುರ ಬಿರುಕು ಬಿಟ್ಟಿದೆ, ಅದು ಬ್ರೇಡನ್ನು ತಿಂದುಹಾಕುತ್ತದೆ. ಬಸ್ಸಲ್ಲಿ, ಬೈಕಲ್ಲಿ ಹೋಗುವವರು ಎರಡು ತುಂಡಿನದನ್ನು ಧೈರ್ಯವಾಗಿ ಕೊಳ್ಳಿ, ಗಂಟೆಗೊಮ್ಮೆ ಕೀಲು ಸಡಿಲವಾಗಿದೆಯೇ ನೋಡಿದರೆ ಸಾಕು. ಒಂದು ಎಚ್ಚರಿಕೆ: ಕಾರ್ಬನ್ನಿನಲ್ಲಿ ವಿದ್ಯುತ್ ಹರಿಯುತ್ತದೆ. ಏರಿಯ ಮೇಲೆ ಪಂಪ್‌ಸೆಟ್ಟಿನ ತಂತಿಗಳು ಜೋತುಬಿದ್ದಿರುವ ಕಡೆ, ಗುಡುಗು ಕೇಳಿದಾಗ, ರಾಡು ಎತ್ತಲೇಬೇಡಿ.

ಯೂಟ್ಯೂಬ್ ನೋಡಿ ‘7 ಅಡಿ 11 ಇಂಚು, ಎಕ್ಸ್‌ಟ್ರಾ ಹೆವಿ ಬೇಕಲ್ಲವೇ’ ಎನ್ನುವವರಿಗೂ ಉತ್ತರ ಬೇಕು. ಅದು ಅಮೆರಿಕದ ಬಾಸ್ ಮೀನಿನ ಲೆಕ್ಕ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಗಾಳಗಾರ ಡೀ ಥಾಮಸ್ ಜೊಂಡಿನ ಸಂದಿಗೆ ಉದ್ದನೆಯ ಕೋಲಿನಿಂದ ಲ್ಯೂರ್ ಇಳಿಸುವ ಸ್ಥಳೀಯ ಪದ್ಧತಿಯನ್ನು ಏಳೂವರೆ ಅಡಿ ರಾಡಿಗೆ ಒಗ್ಗಿಸಿ ಫ್ಲಿಪ್ಪಿಂಗ್ ಎಂಬುದನ್ನು ಹೆಸರುವಾಸಿ ಮಾಡಿದರು. ಅಲ್ಲಿನ ಪ್ರಮುಖ ಸ್ಪರ್ಧೆಗಳಲ್ಲಿ ರಾಡು 8 ಅಡಿ ಮೀರಬಾರದೆಂಬ ನಿಯಮ ಬಹುಕಾಲ ಇತ್ತು. ದಪ್ಪ ಚಾಪೆಯಂತೆ ಹೆಣೆದ ಕಳೆಯನ್ನು ತೂತು ಮಾಡಿ ಕೆಳಗಿಳಿಯಲು ಅವರು 28ರಿಂದ 42 ಗ್ರಾಮಿನ ಟಂಗ್‌ಸ್ಟನ್ ತೂಕ ಕಟ್ಟುತ್ತಾರೆ. ಆ ತೂಕಕ್ಕೆ ಎಕ್ಸ್‌ಟ್ರಾ ಹೆವಿ ಬೇಕೇ ಬೇಕು. ಬಾಸ್ ಚಾಪೆಯ ಕೆಳಗೆ ನಿಂತಿರುತ್ತದೆ, ಮೇಲೆ ಬರಬೇಕೆಂದಿಲ್ಲ. ಕೊರವ ಹಾಗಲ್ಲ. ಅದು ಗಾಳಿ ಕುಡಿಯುವ ಮೀನು, ಆಗಾಗ ಮೇಲೆ ಬರಲೇಬೇಕು. ಕಳೆಯ ನಡುವಿನ ಸಂದಿಯಲ್ಲೇ ಬಾಯಿ ಹಾಕುತ್ತದೆ, ಕಪ್ಪೆಯನ್ನು ಅಲ್ಲಿಯೇ ಇಟ್ಟರೆ ಸಾಕು. ಬಾಲದ ಬುಡದಲ್ಲಿ ಕಣ್ಣಿನಂಥ ಚುಕ್ಕೆಯಿರುವ ಇದರ ದೊಡ್ಡ ಬಂಧು 2000ದಲ್ಲಿ ಫ್ಲಾರಿಡಾದ ಟ್ಯಾಮರಾಕ್ ಊರಿನ ನೀರಲ್ಲಿ ಪತ್ತೆಯಾಯಿತು. ಈಗ ಅಲ್ಲಿನವರೂ ಕಾಲುವೆಯಂಚಿನ ಕಳೆಗೆ ಕಪ್ಪೆ ಎಸೆದು ಅದನ್ನು ಹಿಡಿಯುತ್ತಾರೆ.

ಯಾರೂ ಕೇಳದ ಒಂದು ವಿಷಯವಿದೆ, ಕೇಳಬೇಕಿತ್ತು. ಮಳೆಗಾಲದಲ್ಲಿ ಜೊಂಡಿನ ಪಕ್ಕದ ನೀರಿನ ಒಂದು ಜಾಗ ಮಾತ್ರ, ಮೊರದಗಲ, ಅನ್ನ ಕುದಿಯುವ ಹಾಗೆ ಸಣ್ಣಗೆ ಚಿಟಪಟ ಎನ್ನುತ್ತಿರುತ್ತದೆ. ಹತ್ತಿರದಿಂದ ನೋಡಿದರೆ ಕೆಂಪು-ಕಿತ್ತಳೆ ಬಣ್ಣದ ನೂರಾರು ಮರಿಗಳ ಉಂಡೆ, ಉಸಿರಿಗೆಂದು ಮೇಲೆ ಬಂದು ಇಳಿಯುತ್ತಿರುತ್ತವೆ. ಅವುಗಳ ಕೆಳಗೆ ಅಪ್ಪ ಅಮ್ಮ ಕಾವಲಿರುತ್ತವೆ. ಅಲ್ಲಿ ಕಪ್ಪೆ ಬಿದ್ದರೆ ಮೂರನೇ ಎಸೆತಕ್ಕೆ ಕೊರವ ಕಚ್ಚಿಯೇ ಕಚ್ಚುತ್ತದೆ. ಹಸಿವಿಗಲ್ಲ, ಮರಿಗಳನ್ನು ಕಾಯಲು. ಅದಕ್ಕೇ ಇದನ್ನು ‘ಗ್ಯಾರಂಟಿ ಮೀನು’ ಎಂದು ಹೇಳಿಕೊಡುವವರಿದ್ದಾರೆ. ದೊಡ್ಡದನ್ನು ಎತ್ತಿಕೊಂಡು ಹೋದ ಮೇಲೆ ಅಷ್ಟೂ ಮರಿ ಬೆಳ್ಳಕ್ಕಿ, ಮಿಂಚುಳ್ಳಿ, ಬೇರೆ ಮೀನುಗಳ ಪಾಲು. ಮುಂದಿನ ವರ್ಷ ‘ಕೆರೆಯಲ್ಲಿ ಮೀನೇ ಇಲ್ಲ’ ಎಂದು ಬರೆಯುವವರೂ ಇವರೇ.

ಆ ಉಂಡೆ ಕಂಡರೆ ಐವತ್ತು ಹೆಜ್ಜೆ ಮುಂದೆ ಹೋಗಿ. ಮರಿಗಳ ಕೆಂಪು ಹೋಗಿ ಮೈ ಕಪ್ಪಾಗಿ ಅವು ಚದುರುವವರೆಗೆ ಆ ಮೂಲೆಗೆ ಎಸೆಯಬೇಡಿ. ಗೊತ್ತಿಲ್ಲದೆ ಎಸೆದು ಸಿಕ್ಕಿತೋ, ಒದ್ದೆ ಕೈಯಲ್ಲಿ ಹಿಡಿದು, ಇಕ್ಕಳದಿಂದ ಗಾಳ ಬಿಡಿಸಿ, ಹಿಡಿದ ಜಾಗದಲ್ಲೇ ಬಿಡಿ. ಬಕೆಟ್ಟಿನಲ್ಲಿಟ್ಟು ಅರ್ಧ ಗಂಟೆ ಫೋಟೊ ತೆಗೆದು ಬೇರೆ ದಡದಲ್ಲಿ ಬಿಟ್ಟರೆ ಅದು ಮರಿಗಳ ಬಳಿ ವಾಪಸು ಬರುವಷ್ಟರಲ್ಲಿ ಕಾಯಲು ಏನೂ ಉಳಿದಿರುವುದಿಲ್ಲ. ಕೆರೆ ಮೀನುಗಾರಿಕೆ ಗುತ್ತಿಗೆಗೆ ಹೋಗಿದ್ದರೆ ಗುತ್ತಿಗೆದಾರರನ್ನು ಮೊದಲೇ ಕೇಳಿಕೊಂಡು ಇಳಿಯಿರಿ. ಉಂಡೆ ಎಲ್ಲೆಲ್ಲಿ ಎದ್ದಿದೆ ಎಂಬುದು ದಿನಾ ಬಲೆ ಹಾಕುವ ಅವರ ಕಡೆಯವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ.