ಕ್ರೂಸ್ ಹಡಗಿನ ರಾತ್ರಿ ಊಟಕ್ಕೆ ಸೂಟು, ಗೌನು ಬೇಕೇ ಬೇಕೇ?

ಪ್ರಶ್ನೆ: ಮೊದಲ ಬಾರಿಗೆ ಏಳು ರಾತ್ರಿಗಳ ಕ್ರೂಸ್ ಪ್ರಯಾಣಕ್ಕೆ ಟಿಕೆಟ್ ಕಾಯ್ದಿರಿಸಿದ್ದೇವೆ. ಹಡಗಿನಲ್ಲಿ ‘ಫಾರ್ಮಲ್ ನೈಟ್’ ಇರುತ್ತದೆ, ಆ ದಿನ ಗಂಡಸರು ಸೂಟು, ಹೆಂಗಸರು ಉದ್ದನೆಯ ಗೌನು ಧರಿಸದಿದ್ದರೆ ಊಟಕ್ಕೆ ಒಳಗೆ ಬಿಡುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಅದೆಲ್ಲ ಹಳೆಯ ಕಾಲದ ಮಾತು, ಈಗ ಏನು ಬೇಕಾದರೂ ಹಾಕಿಕೊಳ್ಳಬಹುದು ಎನ್ನುತ್ತಾರೆ ಇನ್ನು ಕೆಲವರು. ಯಾವುದು ನಿಜ? ಪೆಟ್ಟಿಗೆಯಲ್ಲಿ ಏನೇನು ತುಂಬಿಕೊಳ್ಳಬೇಕು?

ಉತ್ತರ: ಎರಡು ಮಾತುಗಳಲ್ಲೂ ಅರ್ಧರ್ಧ ನಿಜವಿದೆ. ಸೂಟು ಇಲ್ಲದ ಕಾರಣಕ್ಕೆ ಹಡಗಿನಲ್ಲಿ ಯಾರೂ ಹಸಿದು ಮಲಗಬೇಕಾಗಿಲ್ಲ. ಹಾಗೆಂದು ಈಜುಕೊಳದಿಂದ ಎದ್ದು ಬಂದ ಉಡುಪಿನಲ್ಲೇ ಎಲ್ಲೆಂದರಲ್ಲಿ ಊಟಕ್ಕೆ ಕೂರಬಹುದು ಎಂಬುದೂ ಸರಿಯಲ್ಲ. ಹಡಗು ಯಾವ ಕಂಪನಿಯದು, ಅಂದಿನ ರಾತ್ರಿ ಯಾವ ಬಗೆಯದು, ನೀವು ಊಟ ಮಾಡುವುದು ಹಡಗಿನ ಯಾವ ಭೋಜನಶಾಲೆಯಲ್ಲಿ ಎಂಬ ಮೂರು ಸಂಗತಿಗಳನ್ನು ಕೂಡಿಸಿ ನೋಡಿದರೆ ಮಾತ್ರ ಖಚಿತವಾದ ಉತ್ತರ ಸಿಗುತ್ತದೆ. ಹೆಚ್ಚಿನವರು ಮರೆಯುವುದು ಈ ಮೂರನೆಯ ಸಂಗತಿಯನ್ನು. ಆದ್ದರಿಂದ ಅದರಿಂದಲೇ ಆರಂಭಿಸುತ್ತೇನೆ.

ದೊಡ್ಡ ಹಡಗೊಂದರಲ್ಲಿ ಊಟದ ಜಾಗಗಳು ಹಲವಾರು. ಮೇಜಿಗೆ ಬಡಿಸುವ ಮುಖ್ಯ ಭೋಜನಶಾಲೆ, ತಾವೇ ಬಡಿಸಿಕೊಳ್ಳುವ ಬಫೆ, ಹೆಚ್ಚುವರಿ ಹಣ ತೆತ್ತು ಹೋಗುವ ವಿಶೇಷ ರೆಸ್ಟೋರೆಂಟ್‌ಗಳು, ಇವುಗಳ ಜೊತೆಗೆ ಕ್ಯಾಬಿನ್ನಿಗೇ ತರಿಸಿಕೊಳ್ಳುವ ರೂಮ್ ಸರ್ವಿಸ್ ಕೂಡ ಇರುತ್ತದೆ. ಫಾರ್ಮಲ್ ನೈಟ್‌ನ ಉಡುಪಿನ ನಿಯಮ ಮುಖ್ಯವಾಗಿ ಅನ್ವಯಿಸುವುದು ಮುಖ್ಯ ಭೋಜನಶಾಲೆಗೆ ಮತ್ತು ಕೆಲವು ವಿಶೇಷ ರೆಸ್ಟೋರೆಂಟ್‌ಗಳಿಗೆ. ಬಫೆಯಲ್ಲಿ ಅಂದು ರಾತ್ರಿಯೂ ಸಾಮಾನ್ಯ ಉಡುಪಿನಲ್ಲೇ ಊಟ ಮಾಡಬಹುದು. ಒದ್ದೆಯಾದ ಈಜುಡುಗೆ ಮತ್ತು ಬರಿಗಾಲು ಮಾತ್ರ ಅಲ್ಲಿಯೂ ಸಲ್ಲವು. ಅಂದರೆ ಔಪಚಾರಿಕ ಉಡುಪು ನಿಮಗೆ ಇಷ್ಟವಿಲ್ಲದಿದ್ದರೆ ಆ ಒಂದೆರಡು ರಾತ್ರಿ ಬೇರೆಡೆ ಊಟ ಮಾಡುವ ದಾರಿ ಯಾವಾಗಲೂ ತೆರೆದಿರುತ್ತದೆ. ಇದರಲ್ಲಿ ಮುಜುಗರ ಪಡುವಂಥದ್ದು ಏನೂ ಇಲ್ಲ, ಪ್ರತಿ ಪ್ರಯಾಣದಲ್ಲೂ ಎಷ್ಟೋ ಜನ ಹಾಗೆಯೇ ಮಾಡುತ್ತಾರೆ.

ಇನ್ನು ಕಂಪನಿಗಳ ವಿಷಯ. ವ್ಯತ್ಯಾಸ ಅತಿ ಹೆಚ್ಚು ಕಾಣುವುದು ಇಲ್ಲಿಯೇ. ಹಳೆಯ ಸಂಪ್ರದಾಯವನ್ನು ಇಂದಿಗೂ ಶ್ರದ್ಧೆಯಿಂದ ಪಾಲಿಸುವ ಕಂಪನಿಗಳಲ್ಲಿ ಕ್ಯೂನಾರ್ಡ್‌ನ ಹೆಸರು ಮೊದಲು ಬರುತ್ತದೆ. 2004ರಲ್ಲಿ ಸಂಚಾರ ಆರಂಭಿಸಿದ ಅದರ ಕ್ವೀನ್ ಮೇರಿ 2 ಹಡಗು ಸೌತಾಂಪ್ಟನ್ ಮತ್ತು ನ್ಯೂಯಾರ್ಕ್ ನಡುವೆ ಸಾಮಾನ್ಯವಾಗಿ ಏಳು ರಾತ್ರಿಗಳಲ್ಲಿ ಅಟ್ಲಾಂಟಿಕ್ ದಾಟುತ್ತದೆ. ಆ ಅವಧಿಯಲ್ಲಿ ‘ಗಾಲಾ ಈವನಿಂಗ್’ ಎಂದು ಕರೆಯುವ ಔಪಚಾರಿಕ ಸಂಜೆಗಳಿರುತ್ತವೆ. ಅಂದು ಗಂಡಸರಿಂದ ಬೋ ಟೈ ಸಹಿತವಾದ ಡಿನ್ನರ್ ಜಾಕೆಟ್ (ಟಕ್ಸಿಡೊ ಎಂದೂ ಕರೆಯುವ ಔಪಚಾರಿಕ ಕೋಟು) ಅಥವಾ ಗಾಢ ಬಣ್ಣದ ಸೂಟನ್ನು, ಹೆಂಗಸರಿಂದ ಸಂಜೆಯ ಗೌನು, ಕಾಕ್‌ಟೇಲ್ ಡ್ರೆಸ್ (ಗೌನಿಗಿಂತ ಗಿಡ್ಡನೆಯ ಸಮಾರಂಭದ ಡ್ರೆಸ್) ಅಥವಾ ಅಷ್ಟೇ ಗೌರವದ ಬೇರೊಂದು ಉಡುಪನ್ನು ನಿರೀಕ್ಷಿಸುತ್ತಾರೆ. ಉಳಿದ ರಾತ್ರಿಗಳಲ್ಲಿಯೂ ಸಂಜೆ ಆರರ ನಂತರ ‘ಸ್ಮಾರ್ಟ್’, ಅಂದರೆ ಅಚ್ಚುಕಟ್ಟಾದ ಉಡುಪಿರಬೇಕೆಂಬ ಪದ್ಧತಿ ಅಲ್ಲಿದೆ. ನಿಯಮ ಊಟದ ಮೇಜಿನ ಬಳಿಯೇ ಮುಗಿಯುವುದಿಲ್ಲ, ಹಡಗಿನ ಬಹುತೇಕ ಸಾರ್ವಜನಿಕ ಜಾಗಗಳಿಗೂ ವಿಸ್ತರಿಸುತ್ತದೆ. ಹಾಗಿದ್ದರೂ ಬಫೆ, ಪಬ್ ಮೊದಲಾದ ಕೆಲವು ಜಾಗಗಳನ್ನು ಸರಳ ಉಡುಪಿನವರಿಗಾಗಿ ಬಿಟ್ಟಿರುತ್ತಾರೆ.

ಇದಕ್ಕೆ ತೀರ ಎದುರಾದ ತುದಿಯಲ್ಲಿ ನಾರ್ವೀಜಿಯನ್ ಕ್ರೂಸ್ ಲೈನ್ ನಿಲ್ಲುತ್ತದೆ. ಅದು 2000ದಲ್ಲಿ ‘ಫ್ರೀಸ್ಟೈಲ್ ಕ್ರೂಸಿಂಗ್’ ಎಂಬ ಪದ್ಧತಿಯನ್ನು ತಂದು, ಗೊತ್ತಾದ ಮೇಜು, ಗೊತ್ತಾದ ಹೊತ್ತು, ಕಡ್ಡಾಯವಾದ ಫಾರ್ಮಲ್ ನೈಟ್ ಎಂಬ ಕಟ್ಟುಗಳನ್ನೆಲ್ಲ ಸಡಿಲಿಸಿತು. ಆ ಹೊತ್ತಿನವರೆಗೆ ಕ್ರೂಸ್ ಎಂದರೆ ಪ್ರತಿ ರಾತ್ರಿ ಅದೇ ಮೇಜು, ಅದೇ ಸಹಭೋಜಕರು, ವಾರದಲ್ಲಿ ಎರಡು ದಿನ ಅಲಂಕಾರ ಎಂಬುದು ಬಹುಮಟ್ಟಿಗೆ ಸ್ಥಿರವಾದ ವಾಡಿಕೆಯಾಗಿತ್ತು. ಬೇರೆ ಕಂಪನಿಗಳೂ ಕ್ರಮೇಣ ತಮ್ಮ ನಿಯಮಗಳನ್ನು ಮೃದುಗೊಳಿಸಿದವು. ಸೆಲೆಬ್ರಿಟಿ ಕ್ರೂಸಸ್ 2015ರ ಕೊನೆಯಲ್ಲಿ ಫಾರ್ಮಲ್ ನೈಟ್‌ಗಳ ಬದಲಿಗೆ ‘ಈವನಿಂಗ್ ಶಿಕ್’ ಎಂಬ ರಾತ್ರಿಗಳನ್ನು ತಂದಿತು. ಅಲ್ಲಿ ಟೈ ಕಡ್ಡಾಯವಲ್ಲ, ಒಳ್ಳೆಯ ಪ್ಯಾಂಟು, ಶರಟು, ಬೇಕಿದ್ದರೆ ಮೇಲೊಂದು ಬ್ಲೇಜರ್ ಇದ್ದರೆ ಸಾಕು. ಅದೇ ವರ್ಷ ಸಮುದ್ರಯಾನಕ್ಕೆ ಇಳಿದ ವೈಕಿಂಗ್‌ನ ಹಡಗುಗಳಲ್ಲಂತೂ ಫಾರ್ಮಲ್ ನೈಟ್ ಎಂಬುದೇ ಇಲ್ಲ. ಅಲ್ಲಿನ ಭೋಜನಶಾಲೆಯಲ್ಲಿ ಗಂಡಸರು ಕಾಲರ್ ಇರುವ ಶರಟು ಮತ್ತು ಪ್ಯಾಂಟಿನಲ್ಲಿ, ಹೆಂಗಸರು ಡ್ರೆಸ್, ಸ್ಕರ್ಟ್ ಅಥವಾ ಪ್ಯಾಂಟಿನಲ್ಲಿ ಬಂದರೆ ಅದೇ ಪೂರ್ಣ ಗೌರವದ ಉಡುಪು.

ನಡುವಿನ ಸ್ಥಾನದಲ್ಲಿರುವುದು ಕಾರ್ನಿವಲ್, ರಾಯಲ್ ಕೆರೀಬಿಯನ್, ಪ್ರಿನ್ಸೆಸ್, ಎಂಎಸ್‌ಸಿ ಮೊದಲಾದ ಕಂಪನಿಗಳು. ಮೊದಲ ಪ್ರಯಾಣ ಮಾಡುವವರಲ್ಲಿ ಹಲವರು ಇವುಗಳನ್ನೇ ಆರಿಸಿಕೊಳ್ಳುವುದರಿಂದ ಒಂದು ಉದಾಹರಣೆಯನ್ನು ಬಿಡಿಸಿ ಹೇಳುವುದು ಒಳ್ಳೆಯದು. ಕಾರ್ನಿವಲ್‌ನಲ್ಲಿ ರಾತ್ರಿಗಳು ಎರಡೇ ಬಗೆ: ‘ಕ್ರೂಸ್ ಕ್ಯಾಶುವಲ್’ ಮತ್ತು ‘ಕ್ರೂಸ್ ಎಲಿಗೆಂಟ್’. ಎರಡರಿಂದ ಐದು ದಿನಗಳ ಪ್ರಯಾಣದಲ್ಲಿ ಒಂದು, ಆರು ದಿನ ಅಥವಾ ಅದಕ್ಕಿಂತ ದೀರ್ಘವಾದ ಪ್ರಯಾಣದಲ್ಲಿ ಸಾಮಾನ್ಯವಾಗಿ ಎರಡು ಎಲಿಗೆಂಟ್ ರಾತ್ರಿಗಳಿರುತ್ತವೆ, ಉಳಿದವೆಲ್ಲ ಕ್ಯಾಶುವಲ್. ಕ್ಯಾಶುವಲ್ ರಾತ್ರಿ ಹರಿದು ವಿನ್ಯಾಸ ಮಾಡದ ಜೀನ್ಸ್, ಪೋಲೋ ಶರಟು, ಸರಳವಾದ ಬೇಸಿಗೆಯ ಡ್ರೆಸ್ ಎಲ್ಲವೂ ಸಲ್ಲುತ್ತವೆ. ವ್ಯಾಯಾಮದ ಚಡ್ಡಿ, ಈಜುಡುಗೆ, ಗಂಡಸರ ತೋಳಿಲ್ಲದ ಬನಿಯನ್ನು ಮತ್ತು ರಬ್ಬರ್ ಚಪ್ಪಲಿ ಸಲ್ಲವು. ಎಲಿಗೆಂಟ್ ರಾತ್ರಿ ಗಂಡಸರು ಇಸ್ತ್ರಿ ಮಾಡಿದ ಉದ್ದ ತೋಳಿನ ಶರಟು, ಒಳ್ಳೆಯ ಪ್ಯಾಂಟು ಮತ್ತು ಇದ್ದರೆ ಕೋಟು ಧರಿಸುತ್ತಾರೆ. ಹೆಂಗಸರು ಕಾಕ್‌ಟೇಲ್ ಡ್ರೆಸ್, ಪ್ಯಾಂಟ್‌ಸೂಟ್ ಅಥವಾ ಮನಸ್ಸಿದ್ದರೆ ಗೌನು ಧರಿಸುತ್ತಾರೆ. ಉಳಿದ ಕಂಪನಿಗಳಲ್ಲಿ ರಾತ್ರಿಗಳ ಹೆಸರು ಬೇರೆಯಾದರೂ ಹದ ಬಹುತೇಕ ಇದೇ. ಆದ್ದರಿಂದ ಇಂತಹ ಹಡಗಿನಲ್ಲಿ ಹೋಗುವವರು ಅದಕ್ಕೆಂದೇ ಹೊಸ ಟಕ್ಸಿಡೊ ಕೊಳ್ಳುವುದು ಅನಗತ್ಯ ಖರ್ಚು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮನೆಯಲ್ಲಿ ಮದುವೆ, ಸಮಾರಂಭಗಳಿಗೆಂದು ತೆಗೆದಿಟ್ಟ ಗಾಢ ಬಣ್ಣದ ಕೋಟು ಇದ್ದರೆ ಅದೇ ಧಾರಾಳವಾಯಿತು.

ಅನೇಕ ಹಡಗುಗಳಲ್ಲಿ ಇವಲ್ಲದೆ ವಿಷಯಾಧಾರಿತ ರಾತ್ರಿಗಳೂ ಇರುತ್ತವೆ. ಕೆಲವೆಡೆ ಒಂದು ರಾತ್ರಿ ಎಲ್ಲರೂ ಬಿಳಿ ಉಡುಪು ಧರಿಸುತ್ತಾರೆ, ಡಿಸ್ನಿಯ ಹಡಗುಗಳಲ್ಲಿ ಕಡಲ್ಗಳ್ಳರ ವೇಷದ ರಾತ್ರಿಯಿದೆ, ವಯಸ್ಕರಿಗಷ್ಟೇ ಪ್ರವೇಶವಿರುವ ವರ್ಜಿನ್ ವಾಯೇಜಸ್‌ನಲ್ಲಿ ‘ಸ್ಕಾರ್ಲೆಟ್ ನೈಟ್’ ದಿನ ಕೆಂಪು ಉಡುತ್ತಾರೆ. ಇವೆಲ್ಲ ಐಚ್ಛಿಕ, ಒಂದು ಬಿಳಿಯ ಅಥವಾ ಕೆಂಪಿನ ಮೇಲುಡುಪು ಇಟ್ಟುಕೊಂಡರೆ ಸಾಕು. ಧ್ರುವ ಪ್ರದೇಶಗಳಿಗೆ ಹೋಗುವ ಅನ್ವೇಷಣಾ ಹಡಗುಗಳಲ್ಲಿ ಫಾರ್ಮಲ್ ನೈಟ್‌ನ ಚಿಂತೆಯೇ ಸಾಮಾನ್ಯವಾಗಿ ಇರುವುದಿಲ್ಲ. ಹಗಲಿನ ಬೂಟು, ಭಾರಿ ಜಾಕೆಟ್ ಕಳಚಿಟ್ಟು ಸ್ವಚ್ಛವಾದ ಸ್ವೆಟರ್ ತೊಟ್ಟು ಊಟಕ್ಕೆ ಬರುವುದೇ ಅಲ್ಲಿನ ರೂಢಿ.

ಔಪಚಾರಿಕ ರಾತ್ರಿ ಯಾವ ದಿನ ಬೀಳುತ್ತದೆ ಎಂಬುದನ್ನು ಮೊದಲೇ ಊಹಿಸಬಹುದು. ಹಡಗು ಯಾವ ಬಂದರಿಗೂ ಹೋಗದೆ ಇಡೀ ದಿನ ನಡುಗಡಲಿನಲ್ಲಿರುವ ದಿನವನ್ನೇ ಹೆಚ್ಚಿನ ಕಂಪನಿಗಳು ಇದಕ್ಕೆ ಆರಿಸುತ್ತವೆ. ಬಂದರಿನಲ್ಲಿ ಸುತ್ತಾಡಿ ಸಂಜೆ ಐದಕ್ಕೆ ದಣಿದು ಹಿಂತಿರುಗಿದವರು ಆರು ಗಂಟೆಯ ಪಂಕ್ತಿಗೆ ಸಿಂಗರಿಸಿಕೊಂಡು ಬರುವುದು ಕಷ್ಟ ಎಂಬ ಸರಳ ಕಾರಣ ಇದರ ಹಿಂದಿದೆ. ನಿಮ್ಮ ಪ್ರಯಾಣದ ವೇಳಾಪಟ್ಟಿಯಲ್ಲಿ ‘ಅಟ್ ಸೀ’ ಎಂದು ಗುರುತಿಸಿರುವ ದಿನಗಳನ್ನು ನೋಡಿದರೆ ಅಂದಾಜು ಸಿಗುತ್ತದೆ. ಖಚಿತ ಮಾಹಿತಿಯನ್ನು ಹೊರಡುವ ಮುನ್ನ ಕಂಪನಿಯ ಆ್ಯಪ್‌ನಲ್ಲಿಯೋ, ಹತ್ತಿದ ಮೇಲೆ ಕ್ಯಾಬಿನ್ನಿಗೆ ಬರುವ ದಿನಚರಿ ಪತ್ರದಲ್ಲಿಯೋ ಓದಿಕೊಳ್ಳಬಹುದು. ಕಂಪನಿಗಳು ಉಡುಪಿನ ನಿಯಮಗಳನ್ನು ಆಗಾಗ ಬದಲಿಸುತ್ತಲೇ ಇರುವುದರಿಂದ, ಹಿಂದೆ ಹೋಗಿ ಬಂದವರ ಮಾತಿಗಿಂತ ನಿಮ್ಮ ಪ್ರಯಾಣಕ್ಕೆ ಸಂಬಂಧಿಸಿದಂತೆ ಕಂಪನಿ ಬರೆದಿರುವುದನ್ನೇ ನಂಬಬೇಕು.

ನಿಯಮವನ್ನು ಬಾಗಿಲಲ್ಲಿ ಎಷ್ಟು ಕಟ್ಟುನಿಟ್ಟಾಗಿ ಜಾರಿ ಮಾಡುತ್ತಾರೆ ಎಂಬುದು ಹಡಗಿನಿಂದ ಹಡಗಿಗೆ ಬದಲಾಗುತ್ತದೆ. ಮಧ್ಯಮ ಬಗೆಯ ಹಡಗುಗಳಲ್ಲಿ ಕೋಟಿಲ್ಲದೆ ಅಚ್ಚುಕಟ್ಟಾದ ಶರಟಿನಲ್ಲಿ ಬಂದವರನ್ನು ತಡೆಯುವುದು ಅಪರೂಪ; ಚಡ್ಡಿಯಲ್ಲಿ, ಟೋಪಿಯಲ್ಲಿ ಬಂದವರಿಗೆ ಬದಲಾಯಿಸಿಕೊಂಡು ಬನ್ನಿ ಎಂದು ಸಿಬ್ಬಂದಿ ಮೆಲುದನಿಯಲ್ಲಿ ಸೂಚಿಸುತ್ತಾರೆ. ಆದರೆ ಒಳಗೆ ಬಿಡುತ್ತಾರೆಯೇ ಎಂಬ ಒಂದೇ ಲೆಕ್ಕದಿಂದ ಉಡುಪನ್ನು ಆರಿಸುವುದು ನನಗೆ ಸರಿ ಕಾಣುವುದಿಲ್ಲ. ಪಕ್ಕದ ಮೇಜಿನಲ್ಲಿ ಮದುವೆಯ ವಾರ್ಷಿಕೋತ್ಸವಕ್ಕೆಂದು ವರ್ಷಗಟ್ಟಲೆ ಹಣ ಕೂಡಿಸಿ ಬಂದ ದಂಪತಿ ಇರಬಹುದು, ಆ ರಾತ್ರಿಯ ಒಟ್ಟು ಸೊಬಗೂ ಅವರು ಬಯಸಿ ಬಂದ ಅನುಭವದ ಭಾಗವೇ ಆಗಿರುತ್ತದೆ. ಅದರಲ್ಲಿ ಪಾಲ್ಗೊಳ್ಳುವ ಮನಸ್ಸಿದ್ದರೆ ಮುಖ್ಯ ಭೋಜನಶಾಲೆ, ಇಲ್ಲದಿದ್ದರೆ ಬಫೆ ಎಂದು ನಿರ್ಧರಿಸುವುದು ಎರಡೂ ಕಡೆಯವರಿಗೆ ನ್ಯಾಯವಾದ ದಾರಿ.

ಈಗ ಪೆಟ್ಟಿಗೆಯ ಮಾತು. ಏಳು ರಾತ್ರಿಗಳಿಗೆ ಏಳು ಜೊತೆ ಬೇಕೆಂಬುದು ತಪ್ಪು ಕಲ್ಪನೆ. ಗಂಡಸರಿಗೆ ಒಂದು ಗಾಢ ಬಣ್ಣದ ಕೋಟು, ಅದಕ್ಕೆ ಹೊಂದುವ ಪ್ಯಾಂಟು, ಜೊತೆಗೆ ಇನ್ನೊಂದು ಪ್ಯಾಂಟು, ನಾಲ್ಕು ಕಾಲರ್ ಶರಟು, ಒಂದು ಟೈ ಇದ್ದರೆ ಎಲ್ಲ ರಾತ್ರಿಗಳೂ ಕಳೆಯುತ್ತವೆ. ಹೆಂಗಸರಿಗೆ ಕಪ್ಪು ಅಥವಾ ಗಾಢ ನೀಲಿಯ ಸರಳವಾದ ಒಂದು ಒಳ್ಳೆಯ ಡ್ರೆಸ್ ಇದ್ದರೆ, ಒಂದು ರಾತ್ರಿ ಆಭರಣ ಮತ್ತು ಶಾಲಿನೊಂದಿಗೆ, ಇನ್ನೊಂದು ರಾತ್ರಿ ಜಾಕೆಟ್‌ನೊಂದಿಗೆ ಎರಡು ಬಗೆಯಾಗಿ ಧರಿಸಬಹುದು. ಉಳಿದ ದಿನಗಳಿಗೆ ಒಂದೆರಡು ಪ್ಯಾಂಟು ಮತ್ತು ಕೆಲವು ಮೇಲುಡುಪು ಸಾಕು. ಒಂದೇ ಮೇಜಿನಲ್ಲಿ ಅದೇ ಜನರೊಂದಿಗೆ ಕೂರುವ ವ್ಯವಸ್ಥೆಯಿದ್ದರೂ ಯಾರೂ ಯಾರ ಬಟ್ಟೆ ಪುನರಾವರ್ತನೆಯಾಯಿತೆಂದು ಲೆಕ್ಕವಿಡುವುದಿಲ್ಲ. ಪಾಶ್ಚಾತ್ಯ ಉಡುಪೇ ಆಗಬೇಕೆಂದೂ ಇಲ್ಲ. ಆಯಾ ನಾಡಿನ ಔಪಚಾರಿಕ ಸಾಂಪ್ರದಾಯಿಕ ಉಡುಪನ್ನು ಕ್ಯೂನಾರ್ಡ್‌ನಂತಹ ಕಟ್ಟುನಿಟ್ಟಿನ ಕಂಪನಿಯೂ ಗಾಲಾ ರಾತ್ರಿಗೆ ಒಪ್ಪುತ್ತದೆ. ಸ್ಕಾಟ್ಲೆಂಡಿನವರು ಕಿಲ್ಟ್ ತೊಟ್ಟು ಬರುವುದು ಅಲ್ಲಿ ಸಾಮಾನ್ಯ ನೋಟ. ಮಕ್ಕಳ ವಿಷಯದಲ್ಲಿ ಬಹುತೇಕ ಎಲ್ಲರೂ ಉದಾರಿಗಳು, ಶುಭ್ರವಾದ ಉಡುಪಿದ್ದರೆ ಸಾಕು.

ಬಟ್ಟೆಯ ಜಾತಿಯ ಬಗ್ಗೆ ಸ್ವಲ್ಪ ಯೋಚಿಸುವುದು ಒಳ್ಳೆಯದು, ಏಕೆಂದರೆ ಹಡಗಿನಲ್ಲಿ ಇಸ್ತ್ರಿ ಸುಲಭವಲ್ಲ. ಬೆಂಕಿಯ ಅಪಾಯದ ಕಾರಣದಿಂದ ಇಸ್ತ್ರಿಪೆಟ್ಟಿಗೆಯನ್ನೂ ಬಟ್ಟೆಗೆ ಹಬೆ ಕೊಡುವ ಸ್ಟೀಮರನ್ನೂ ಪ್ರಯಾಣಿಕರು ತರುವುದನ್ನು ಕ್ರೂಸ್ ಕಂಪನಿಗಳು ಸಾಮಾನ್ಯವಾಗಿ ನಿಷೇಧಿಸಿವೆ. ತಪಾಸಣೆಯಲ್ಲಿ ಸಿಕ್ಕರೆ ತೆಗೆದಿಟ್ಟುಕೊಂಡು ಪ್ರಯಾಣದ ಕೊನೆಗೆ ಮರಳಿಸುತ್ತಾರೆ. ಕಾರ್ನಿವಲ್, ಪ್ರಿನ್ಸೆಸ್, ಕ್ಯೂನಾರ್ಡ್‌ನ ಹೆಚ್ಚಿನ ಹಡಗುಗಳಲ್ಲಿ ಪ್ರಯಾಣಿಕರೇ ಬಳಸಬಹುದಾದ ಬಟ್ಟೆ ಒಗೆಯುವ, ಇಸ್ತ್ರಿ ಮಾಡುವ ಕೋಣೆಗಳಿವೆ, ರಾಯಲ್ ಕೆರೀಬಿಯನ್‌ನಲ್ಲಿ ಇಲ್ಲ. ಅಂಥಲ್ಲಿ ಹಣ ಕೊಟ್ಟು ಸಿಬ್ಬಂದಿಯಿಂದಲೇ ಇಸ್ತ್ರಿ ಮಾಡಿಸಬೇಕು, ಫಾರ್ಮಲ್ ನೈಟ್‌ನ ಹಿಂದಿನ ದಿನವೇ ಕೊಟ್ಟುಬಿಡುವುದು ಲೇಸು. ಹೀಗಾಗಿ ಲಿನನ್ ಎಷ್ಟೇ ಚೆಂದವಿದ್ದರೂ ಅದನ್ನು ಹಗಲಿಗೆ ಇಟ್ಟುಕೊಂಡು, ರಾತ್ರಿಗೆ ಸುಕ್ಕುಗಟ್ಟದ ಹೆಣಿಗೆಯ ಬಟ್ಟೆ, ಕ್ರೇಪ್ ಅಥವಾ ಹಗುರವಾದ ಉಣ್ಣೆಯ ಕೋಟನ್ನು ಆರಿಸಿ.

ಹೊರಗೆ ಉಷ್ಣವಲಯದ ಸೆಕೆಯಿದ್ದರೂ ಭೋಜನಶಾಲೆ ಏರ್ ಕಂಡೀಷನರ್‌ನಿಂದ ತಣ್ಣಗಿರುತ್ತದೆ, ಊಟವೋ ಒಂದೂವರೆ ಗಂಟೆಗೂ ಮೀರಿ ಸಾಗುತ್ತದೆ. ತೋಳಿಲ್ಲದ ಉಡುಪಿನವರಿಗೆ ಶಾಲು ಅಥವಾ ತೆಳುವಾದ ಸ್ವೆಟರ್ ಬೇಕೇ ಬೇಕು. ಪಾದರಕ್ಷೆಯ ವಿಷಯದಲ್ಲಿ ಮೊನಚಾದ ಎತ್ತರದ ಹಿಮ್ಮಡಿ ಬೇಡವೆಂದು ಒತ್ತಿ ಹೇಳುತ್ತೇನೆ. ಹಡಗು ಸ್ವಲ್ಪ ಓಲಾಡಿದರೂ ಮೆಟ್ಟಿಲಲ್ಲಿ ಕಾಲು ಉಳುಕುವ ಸಂಭವವಿದೆ, ಕ್ಯಾಬಿನ್ನಿನಿಂದ ಭೋಜನಶಾಲೆಗೆ ನಡೆಯುವ ದೂರವೂ ದೊಡ್ಡ ಹಡಗಿನಲ್ಲಿ ಕಡಿಮೆಯೇನಲ್ಲ. ಅಗಲ ಹಿಮ್ಮಡಿಯ ಅಥವಾ ಚಪ್ಪಟೆಯಾದ, ಜಾರದ ಅಟ್ಟೆಯ ಪಾದರಕ್ಷೆಯೇ ಮೇಲು. ಫಾರ್ಮಲ್ ನೈಟ್ ದಿನ ಛಾಯಾಗ್ರಾಹಕರು ಪರದೆ ಕಟ್ಟಿಕೊಂಡು ನಿಂತಿರುತ್ತಾರೆ. ತೆಗೆಸಿಕೊಂಡ ಮಾತ್ರಕ್ಕೆ ಚಿತ್ರ ಕೊಳ್ಳಲೇಬೇಕೆಂದಿಲ್ಲ.

ಕೊನೆಯದಾಗಿ ಮೊದಲ ಮತ್ತು ಕಡೆಯ ರಾತ್ರಿಗಳ ಬಗ್ಗೆ. ಹಳೆಯ ಅಟ್ಲಾಂಟಿಕ್ ಹಡಗುಗಳ ಮೊದಲ ದರ್ಜೆಯಲ್ಲಿಯೂ ಈ ಎರಡು ರಾತ್ರಿ ಔಪಚಾರಿಕವಾಗಿ ಉಡದಿರುವ ವಾಡಿಕೆಯಿತ್ತು, ಅದು ಇಂದಿಗೂ ಬಹುತೇಕ ಉಳಿದಿದೆ. ಬಂದರಿನಲ್ಲಿ ಕೂಲಿಯವರ ಕೈಗೊಪ್ಪಿಸಿದ ಪೆಟ್ಟಿಗೆ ಮೊದಲ ದಿನ ಕ್ಯಾಬಿನ್ನಿಗೆ ಬಂದು ಸೇರುವುದು ಸಂಜೆಯಾಗಬಹುದು. ಆದ್ದರಿಂದ ಅಂದಿನ ಊಟಕ್ಕೆ ಒಂದು ಒಳ್ಳೆಯ ಶರಟು ಅಥವಾ ಮೇಲುಡುಪನ್ನು ಔಷಧಿಗಳ ಜೊತೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಕಡೆಯ ರಾತ್ರಿ ಪೆಟ್ಟಿಗೆಗಳನ್ನು ಮಲಗುವ ಮುನ್ನ ಕ್ಯಾಬಿನ್ನಿನ ಹೊರಗೆ ಇಡಬೇಕಾಗುತ್ತದೆ. ಅಂದು ಊಟಕ್ಕೆ ಹಾಕಿಕೊಂಡ ಬಟ್ಟೆ ಕೈಚೀಲದಲ್ಲಿ ಮಡಚಿ ಹಿಡಿಸುವಂತಿರಲಿ, ಮರುದಿನ ಬೆಳಿಗ್ಗೆ ಧರಿಸಬೇಕಾದ ಉಡುಪನ್ನೂ ಪಾದರಕ್ಷೆಯನ್ನೂ ಪೆಟ್ಟಿಗೆ ಮುಚ್ಚುವ ಮೊದಲೇ ತೆಗೆದು ಬೇರೆ ಇಟ್ಟುಕೊಳ್ಳಿ.